ತೊಟ್ಟಿ ಆಯಿತು, ಬಾವಿ ಯಾವಾಗ?

‘ಕರೆಂಟು ಹೋಯಿತು’ ಎನ್ನುತ್ತೇವೆ ನಾವು. ‘ಕರೆಂಟ್ ಪೋಚ್ಚು’ ಎನ್ನುತ್ತಾರೆ ನಮಗೆ ಇಪ್ಪತ್ತು ವರ್ಷಗಳಿಂದ ಅನ್ನ ಹಾಕುತ್ತಿರುವ ಮದರಾಸಿನ ಜನ. ಎರಡು ಭಾಷೆಯಲ್ಲೂ ಅದು ಹೇಳದೆ ಕೇಳದೆ ಎದ್ದು ಹೋಗುವ ನೆಂಟನೇ. ಕಾವೇರಿಯ ವಿಷಯದಲ್ಲಿ ಎಷ್ಟೇ ಜಗಳವಾಡಿದರೂ ಈ ಒಂದು ವಿಷಯದಲ್ಲಿ ಎರಡು ನಾಡಿಗೂ ಭೇದವಿಲ್ಲ. ಕತ್ತಲಾದ ಕೂಡಲೇ ಎಲ್ಲರೂ ಬಾಲ್ಕನಿಗೆ ಬಂದು ಎದುರು ಮನೆಯಲ್ಲೂ ಹೋಗಿದೆಯೇ ಎಂದು ನೋಡುತ್ತಾರೆ. ಅಲ್ಲೂ ಹೋಗಿದ್ದರೆ ಏನೋ ಒಂದು ಸಮಾಧಾನ.

ಕಾವೇರಿಯ ಹೆಸರೆತ್ತಿದ ಮೇಲೆ ಒಂದು ಮಾತು ಹೇಳದಿದ್ದರೆ ನಾವು ಕನ್ನಡಿಗರಾಗುವುದು ಹೇಗೆ? 1902ರಲ್ಲೇ ಶಿವನಸಮುದ್ರದಲ್ಲಿ ಅದೇ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ, ಸುಮಾರು ತೊಂಬತ್ತು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಸಾಗಿಸಿದ ನಾಡು ನಮ್ಮದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಇಷ್ಟೆಲ್ಲ ಹಿರಿಮೆಯಿದ್ದೂ ನಮ್ಮ ಬಾಲ್ಯದ ಓದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ನಡೆಯಿತು ಎಂಬುದು ಬೇರೆ ಮಾತು. ಕತ್ತಲು ನಮಗೆ ಹೊಸದಲ್ಲ. ಸೆಕೆಯೂ ಸೊಳ್ಳೆಯೂ ಹೊಸದಲ್ಲ. ಇವಿಷ್ಟೇ ಆಗಿದ್ದರೆ ನಾವು ಬ್ಯಾಟರಿ ಇನ್ವರ್ಟರ್ ಎಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಈ ಲೇಖನವೂ ಹುಟ್ಟುತ್ತಿರಲಿಲ್ಲ.

ವಿಷಯವೇನೆಂದರೆ, ನಮ್ಮ ಅಮ್ಮನ ಉಸಿರು ಈಗ ಕರೆಂಟಿನ ಮೇಲೆ ನಡೆಯುತ್ತಿದೆ.

ಅಮ್ಮನಿಗೆ ಎಪ್ಪತ್ತಾರು. ತಿಪಟೂರಿನ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಸೌದೆ, ತೆಂಗಿನ ಮಟ್ಟೆ, ಕರಟ ಉರಿಸಿ ಒಲೆಯ ಮುಂದೆ ಕೂತವರು. ಎದೆಯ ಡಾಕ್ಟರು ಪರೀಕ್ಷೆ ಮಾಡಿ ಮೊದಲು ಕೇಳಿದ್ದು, ‘ಇವರು ಎಷ್ಟು ವರ್ಷ ಸಿಗರೇಟು ಸೇದಿದ್ದಾರೆ?’ ಎಂದು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ಕೆಮ್ಮು ಹತ್ತಿತು. ಒಲೆಯ ಹೊಗೆಯೂ ಶ್ವಾಸಕೋಶವನ್ನು ಹಾಗೆಯೇ ಹಾಳುಮಾಡುತ್ತದಂತೆ. 2023ರ ದೀಪಾವಳಿಯ ಹೊತ್ತಿಗೆ ಡಾಕ್ಟರು ದಿನಕ್ಕೆ ಕನಿಷ್ಠ 15 ಗಂಟೆ, ಮಿನಿಟಿಗೆ 2 ಲೀಟರಿನಂತೆ ಆಮ್ಲಜನಕ ಕೊಡಬೇಕೆಂದು ಬರೆದುಕೊಟ್ಟರು. ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬ ಯಂತ್ರ ಮನೆಗೆ ಬಂತು. ಹೊರಗಿನ ಗಾಳಿಯನ್ನು ಒಳಗೆಳೆದು, ಅದರಲ್ಲಿನ ಸಾರಜನಕವನ್ನು ಜಿಯೋಲೈಟ್ ಎಂಬ ಹರಳಿನಲ್ಲಿ ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ಕೊಳವೆಗೆ ಬಿಡುವ ಉಪಾಯ. ಬಿ.ಎಸ್ಸಿ. ಓದಿದ ನಮಗೆ ಅದರ ಜಾಣತನಕ್ಕೆ ಕೈಮುಗಿಯಬೇಕೆನಿಸಿತು. ಸಿಲಿಂಡರಿನಂತೆ ತುಂಬಿಸಿಕೊಂಡು ಬರುವ ಗೋಜಿಲ್ಲ. ಕರೆಂಟು ಒಂದಿದ್ದರೆ ಸಾಕು.

ಯಂತ್ರ ಬಂದು ತಿಂಗಳೂ ಆಗಿರಲಿಲ್ಲ, ಮಿಚಾಂಗ್ ಚಂಡಮಾರುತ ಬಂತು. 2023ರ ಡಿಸೆಂಬರ್ 4, ಸೋಮವಾರ ಬೆಳಗಿನ ಜಾವ. ಈ ಊರಿನಲ್ಲಿ ಹಲವು ಕಡೆ ವಿದ್ಯುತ್ ತಂತಿ ನೆಲದಡಿಯಲ್ಲಿದೆ, ಅದರ ಪೆಟ್ಟಿಗೆಗಳು ಬೀದಿಯ ಅಂಚಿನಲ್ಲಿ ನಿಂತಿವೆ. ನೀರು ನಿಂತರೆ ಜನರಿಗೆ ಶಾಕ್ ಹೊಡೆಯದಿರಲೆಂದು ಅವರೇ ಕರೆಂಟು ತೆಗೆಯುತ್ತಾರೆ. ತೆಗೆಯಲೇಬೇಕು, ಅದನ್ನು ತಪ್ಪೆನ್ನಲಾಗದು. ಆದರೆ ನಮ್ಮ ಮಡಿಪಾಕ್ಕಂ ಬೀದಿಯಲ್ಲಿ ತೊಡೆಯ ಮಟ್ಟದ ನೀರು, ಮಹಡಿಯ ಮೇಲೆ ಅಮ್ಮ, ಪಕ್ಕದಲ್ಲಿ ಸುಮ್ಮನಾದ ಯಂತ್ರ. ಡಾಕ್ಟರ ಮಾತಿನಂತೆ ಒಂದು ‘ಬಿ ಟೈಪ್’ ಸಿಲಿಂಡರ್ ತಂದಿಟ್ಟಿದ್ದೆವು. ಅದರಲ್ಲಿ ಹಿಡಿಯುವುದು ಸುಮಾರು 1500 ಲೀಟರ್. ಮಿನಿಟಿಗೆ 2 ಲೀಟರಾದರೆ 750 ಮಿನಿಟು, ಎಂದರೆ ಹನ್ನೆರಡೂವರೆ ಗಂಟೆ. ಈ ಲೆಕ್ಕವನ್ನು ಅಂದು ನಾವು ಎಷ್ಟು ಸಲ ಮಾಡಿದೆವೋ! ಪ್ರತಿ ಸಲವೂ ಹನ್ನೆರಡೂವರೆಯೇ ಬರುತ್ತಿತ್ತು. ಬಿಟ್ಟು ಬಿಟ್ಟು ಕೊಟ್ಟು ರಾತ್ರಿ ಕಳೆದೆವು. ಮಂಗಳವಾರ ಬೆಳಿಗ್ಗೆ ಮೀನುಗಾರರ ದೋಣಿಯೊಂದು ಬೀದಿಯೊಳಕ್ಕೆ ಬಂತು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅದಕ್ಕೆ ಇಳಿಸಿದೆವು. ದುಡ್ಡು ಕೊಡಹೋದರೆ ಆ ಹುಡುಗರು ಕೈಯಿಂದಲೂ ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನವಿದ್ದು ಬಂದರು. ಆ ಮೂರು ದಿನ ನಮ್ಮ ತಲೆಯಲ್ಲಿ ಕೊರೆಯುತ್ತಿದ್ದ ಸಂಗತಿಯೆಂದರೆ, ದೋಣಿಯಲ್ಲಿ ಹೋಗುವಾಗ ಆಗಲೇ ಬಿಸಿಲು ಕಾಣಿಸಿಕೊಂಡಿತ್ತು. ಬೀದಿಗೆ ಕರೆಂಟು ಬಂದದ್ದು ಗುರುವಾರ ರಾತ್ರಿ. ನಡುವೆ ಎರಡು ಮೂರು ದಿನ ತಾರಸಿಯ ಮೇಲೆ ಬಿಸಿಲು ಸುಮ್ಮನೆ ಬಿದ್ದು ಸುಮ್ಮನೆ ಹೋಯಿತು. 2016ರ ಡಿಸೆಂಬರಿನಲ್ಲಿ ವಾರ್ದಾ ಚಂಡಮಾರುತ ಮರಗಳನ್ನೆಲ್ಲ ಉರುಳಿಸಿದಾಗಲೂ ಹೀಗೆಯೇ. ಗಾಳಿ ಒಂದು ದಿನದ್ದು, ಕತ್ತಲು ನಾಲ್ಕಾರು ದಿನದ್ದು. ಮಳೆಯ ದಿನಕ್ಕೆ ಬ್ಯಾಟರಿ ಬೇಕು, ಮಳೆ ನಿಂತ ಮೇಲಿನ ದಿನಗಳಿಗೆ ಸೂರ್ಯ ಬೇಕು ಎಂಬುದು ನಮಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಎರಡನ್ನೂ ಒಟ್ಟಿಗೆ ಕೊಳ್ಳಲು ನಾವೇನು ಸೆಕ್ರೆಟರಿಗಳೇ? ಕೇಂದ್ರ ಸರ್ಕಾರದ ಮೇಲ್ದರ್ಜೆ ಗುಮಾಸ್ತರು. ವರ್ಷಕ್ಕೊಮ್ಮೆ ದಸರಾ ಹೊತ್ತಿಗೆ ಬೋನಸ್ಸೆಂದು ಕೈಗೆ ಬರುವುದು 6,908 ರೂಪಾಯಿ. 2004ರ ನಂತರ ಕೆಲಸಕ್ಕೆ ಸೇರಿದವರಾದ್ದರಿಂದ ಹಳಬರಂತೆ ಜಿ.ಪಿ.ಎಫ್.ನಿಂದ ತೆಗೆಯುವ ಭಾಗ್ಯವೂ ಇಲ್ಲ. ಹೀಗಾಗಿ ಈ ವರ್ಷ ಬ್ಯಾಟರಿ, ಮುಂದೆ ಕೂಡಿಬಂದಾಗ ಸೌರ ಪ್ಯಾನೆಲ್ಲು ಎಂದು ಮನೆಯಲ್ಲಿ ಠರಾವಾಯಿತು. ಸರಿ, ಮುಂದೆ ಸೇರಿಸುವುದನ್ನು ಮುಂದೆ ನೋಡಿಕೊಂಡರಾಯಿತು ಎನ್ನಬಹುದು. ಎಲ್ಲ ಅಂಗಡಿಯವರೂ ಹಾಗೆಯೇ ಎಂದರು. ಆದರೆ ವಿಚಾರಿಸುತ್ತ ಹೋದಂತೆ, ಮುಂದಕ್ಕೆ ಹಾಕಬಹುದಾದದ್ದು ಪ್ಯಾನೆಲ್ ಒಂದನ್ನೇ, ಉಳಿದುದೆಲ್ಲ ಈಗಲೇ ತೀರ್ಮಾನವಾಗಬೇಕು ಎಂದು ತಿಳಿಯಿತು.

ಮೊದಲು ಲೆಕ್ಕ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್‌ಮೀಟರೊಂದನ್ನು ತಂದು ಅಮ್ಮನ ಯಂತ್ರಕ್ಕೆ ಹಾಕಿ ನೋಡಿದೆವು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ನೆನಪಾಯಿತು. ಇಪ್ಪತ್ತೈದು ವರ್ಷದ ಮೇಲೆ ಮೊದಲ ಸಲ ನಮ್ಮ ಪದವಿ ಕೆಲಸಕ್ಕೆ ಬಂದದ್ದು. ಮೀಟರು 320 ಅಂದಿತು, ಒಮ್ಮೊಮ್ಮೆ 340. ನಾವು 350 ಎಂದು ಬರೆದುಕೊಂಡೆವು. ಒಂದು ಫ್ಯಾನು, ಎರಡು ಎಲ್.ಇ.ಡಿ. ದೀಪ ಸೇರಿ 400 ವ್ಯಾಟ್ ಎನ್ನಿ. ಈಗ ಬ್ಯಾಟರಿ. 12 ವೋಲ್ಟ್, 150 ಆ್ಯಂಪಿಯರ್-ಅವರ್ ಎಂದರೆ ಗುಣಿಸಿದಾಗ 1800 ವ್ಯಾಟ್-ಗಂಟೆ. ಎರಡಾದರೆ 3600. ನಾನೂರರಿಂದ ಭಾಗಿಸಿದರೆ ಒಂಬತ್ತು ಗಂಟೆ!

ಕಾಗದದ ಮೇಲಿನ ಒಂಬತ್ತು ಮನೆಯಲ್ಲಿ ಐದಾಗುತ್ತದೆ. ಹೇಗೆಂದರೆ, ಬ್ಯಾಟರಿಯ ಡಿ.ಸಿ.ಯನ್ನು ಎ.ಸಿ.ಗೆ ತಿರುಗಿಸುವಾಗ ಇನ್ವರ್ಟರು ತನ್ನ ಪಾಲು ತಿನ್ನುತ್ತದೆ. 400 ಬೇಕಾದರೆ ಬ್ಯಾಟರಿಯಿಂದ 470ರಷ್ಟು ಎಳೆಯುತ್ತದೆ. ಸೀಸದ ಬ್ಯಾಟರಿಯನ್ನು ಪೂರಾ ಬರಿದು ಮಾಡುವಂತೆಯೂ ಇಲ್ಲ, ಮಾಡಿದರೆ ಆಯುಸ್ಸು ಕುಂದುತ್ತದೆ. ಇನ್ನು ಆ 150 ಎಂಬ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಖರ್ಚು ಮಾಡುವವರಿಗೆ ಮಾತ್ರ. ಐದಾರು ಗಂಟೆಯಲ್ಲಿ ಎಳೆದುಬಿಡುವವರಿಗೆ ಅಷ್ಟು ಸಿಗುವುದೇ ಇಲ್ಲ. ಕಳೆಯುವುದನ್ನೆಲ್ಲ ಕಳೆದರೆ ಕೈಗೆ ಬರುವುದು ಐದು ಗಂಟೆ ಚಿಲ್ಲರೆ. ಗ್ರಾಸ್ ಸಂಬಳಕ್ಕೂ ಕೈಗೆ ಬರುವ ಸಂಬಳಕ್ಕೂ ಇರುವ ಅಂತರ ಗೊತ್ತಿರುವ ನಮ್ಮಂಥವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಅಂಗಡಿಯಾತ ನಮ್ಮ ಲೆಕ್ಕದ ಚೀಟಿ ನೋಡಿ ನಕ್ಕು, ‘ಸಾರ್, ಒರು ಬ್ಯಾಟರಿ ಪೋದುಂ’ ಎಂದ. ಒಂದೇ ಸಾಕು, ಬೇಕಾದರೆ ಮುಂದಿನ ವರ್ಷ ಇನ್ನೊಂದು ಸೇರಿಸಿಕೊಳ್ಳಿ ಎಂದು ಅವನ ಸಲಹೆ. ಇಲ್ಲಿ ನಾವು ಜಗ್ಗಲಿಲ್ಲ. ಒಂದು ಬ್ಯಾಟರಿಯ ಇನ್ವರ್ಟರು 12 ವೋಲ್ಟಿನದು, ಎರಡನ್ನು ಸಾಲಾಗಿ ಜೋಡಿಸುವುದು 24 ವೋಲ್ಟಿನದು. ಹನ್ನೆರಡರ ಇನ್ವರ್ಟರು ಮುಂದಿನ ವರ್ಷ ಇಪ್ಪತ್ತನಾಲ್ಕಕ್ಕೆ ಬಡ್ತಿ ಹೊಂದುವುದಿಲ್ಲ. ಅದನ್ನು ಮಾರಿ ಹೊಸದು ಕೊಳ್ಳಬೇಕು. ಒಂದು ವರ್ಷ ದುಡಿದ ಬ್ಯಾಟರಿಯನ್ನು ಹೊಸದರ ಜೊತೆ ಕಟ್ಟಿದರೋ, ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹೂಡಿದಂತೆ. ಹಳೆಯದು ಬೇಗ ಬಳಲುತ್ತದೆ, ಹೊಸದನ್ನೂ ಬಳಲಿಸುತ್ತದೆ. ಜೊತೆಗೆ ಈಗ ಮಾರುಕಟ್ಟೆಯಲ್ಲಿ ಸಿಗುವ ಐನೂರು ಚಿಲ್ಲರೆ ವ್ಯಾಟಿನ ದೊಡ್ಡ ಪ್ಯಾನೆಲ್ಲುಗಳು ಬರಿಗೈಲಿ, ಎಂದರೆ ಹೊರೆಯಿಲ್ಲದಾಗ, ಐವತ್ತು ವೋಲ್ಟಿನ ಹತ್ತಿರ ಕೊಡುತ್ತವೆ. 12 ವೋಲ್ಟಿನ ಅಗ್ಗದ ಚಾರ್ಜರುಗಳು ಅದನ್ನು ತಾಳಲಾರವು.

ಆದ್ದರಿಂದ ನಾವು ಹಿಡಿದ ಹಟವಿಷ್ಟು: ಇನ್ವರ್ಟರು 24 ವೋಲ್ಟಿನದಿರಬೇಕು. ಶುದ್ಧ ಸೈನ್ ವೇವ್ ಆಗಿರಬೇಕು, ಏಕೆಂದರೆ ಚೌಕದ ಅಲೆಯಲ್ಲಿ ಅಮ್ಮನ ಯಂತ್ರದ ಕಂಪ್ರೆಸರು ಬಿಸಿಯಾಗಿ ಗುಂಯ್ಗುಡುತ್ತದೆ. ಸೌರ ಪ್ಯಾನೆಲ್ಲಿನ ತಂತಿ ಸಿಕ್ಕಿಸುವ ಕಿಂಡಿ ಅದರಲ್ಲೇ ಇರಬೇಕು. ಒಳಗಿನ ಚಾರ್ಜರು ‘ಎಂ.ಪಿ.ಪಿ.ಟಿ.’ ಮಾದರಿಯದಾಗಿರಬೇಕು. ಮೋಡ ಬಂದರೂ ಹೋದರೂ ಪ್ಯಾನೆಲ್ಲಿನಿಂದ ಆ ಕ್ಷಣಕ್ಕೆ ಹೆಚ್ಚೆಂದರೆ ಎಷ್ಟು ಸಿಕ್ಕೀತೋ ಅಷ್ಟನ್ನು ಹುಡುಕಿ ಎಳೆಯುವ ಮಾದರಿ ಅದು. ಪಿ.ಡಬ್ಲ್ಯು.ಎಂ. ಎಂಬ ಅಗ್ಗದ ಮಾದರಿ ದೊಡ್ಡ ಪ್ಯಾನೆಲ್ಲಿನ ಹೆಚ್ಚುವರಿ ವೋಲ್ಟೇಜನ್ನು ಹಾಗೇ ಪೋಲು ಮಾಡುತ್ತದೆ. ಲಿಥಿಯಂ ಬ್ಯಾಟರಿಯನ್ನೂ ವಿಚಾರಿಸಿದೆವು. ಹಗುರ, ನೀರು ಹಾಕುವ ಕೆಲಸವಿಲ್ಲ, ಹೆಚ್ಚು ಬರಿದು ಮಾಡಬಹುದು, ಹೆಚ್ಚು ಕಾಲ ಬಾಳುತ್ತದೆ. ನಮಗೆ ಹೇಳಿದ ಬೆಲೆ ಹೆಚ್ಚುಕಡಿಮೆ ಇಮ್ಮಡಿ. ನಮಸ್ಕಾರ ಹೇಳಿ ಟ್ಯೂಬುಲರ್‌ಗೇ ಬಂದೆವು. ಎಲ್ಲ ಸೇರಿ 52,000 ಆಯಿತು. ಸೌರ ಕಿಂಡಿಯಿಲ್ಲದ ಸಾಮಾನ್ಯ ಇನ್ವರ್ಟರಿಗಿಂತ ಏಳು ಸಾವಿರ ಹೆಚ್ಚು, ಎಂದರೆ ಒಂದು ಬೋನಸ್ಸು.

ಇನ್ನು ಮನೆಯೊಳಗಿನ ರಾಜಕೀಯ. ಇನ್ವರ್ಟರಿನ ಲೈನಿಗೆ ಏನೇನು ಸೇರಬೇಕು ಎಂಬ ಬಗ್ಗೆ ಭಾನುವಾರ ಸಭೆ ಕೂಡಿತು. ಮಗ ಕಂಪ್ಯೂಟರ್ ಎಂದ. ಮಗಳು ವೈಫೈ ಎಂದಳು. ನಮ್ಮಾಕೆ ಮಿಕ್ಸಿ ಎಂದಳು. ‘ಅದು 750 ವ್ಯಾಟ್ ಕಣೇ’ ಎಂದೆವು. ‘ಎರಡೇ ನಿಮಿಷ ರೀ, ಚಟ್ನಿಗೆ’ ಎಂದಳು. ‘ಎರಡು ನಿಮಿಷದ ಚಟ್ನಿ ಅಂದ್ರೆ ಅಮ್ಮನ ನಾಲ್ಕು ನಿಮಿಷದ ಉಸಿರು’ ಎಂದುಬಿಟ್ಟೆವು. ಲೆಕ್ಕ ಸರಿಯಿತ್ತು, ಆದರೆ ಮಾತು ಸ್ವಲ್ಪ ಒರಟಾಯಿತು. ಆ ಮಧ್ಯಾಹ್ನ ನಮಗೆ ಚಟ್ನಿಯಿಲ್ಲದ ದೋಸೆ. ಕೊನೆಗೆ ಅಮ್ಮನ ಕೋಣೆ ಪೂರ್ತಿ, ಹಜಾರದ ಒಂದು ಫ್ಯಾನು, ಅಡಿಗೆಮನೆಯ ಒಂದು ದೀಪ, ಮಗಳ ವೈಫೈ (ಹತ್ತು ವ್ಯಾಟ್, ಪಾಪ) ಮಂಜೂರಾದವು. ಇವಕ್ಕೆ ಎಲೆಕ್ಟ್ರಿಷಿಯನ್ ಬೇರೆಯೇ ತಂತಿ ಎಳೆದ. ಬೇರೆ ತಂತಿ ಎಳೆಯದೆ ಇಡೀ ಮನೆಯನ್ನು ಇನ್ವರ್ಟರಿಗೆ ಕೊಟ್ಟು ‘ನಾವೇ ಜಾಗ್ರತೆಯಾಗಿ ಬಳಸುತ್ತೇವೆ’ ಎನ್ನುವವರನ್ನು ನಾವು ನಂಬುವುದಿಲ್ಲ. ಕತ್ತಲಲ್ಲಿ ಯಾರಾದರೂ ಗೀಸರ್ ಒತ್ತಿಯೇ ಒತ್ತುತ್ತಾರೆ.

ಬ್ಯಾಟರಿಗಳು ಒಂದೊಂದೂ ಐವತ್ತು ಕಿಲೋ ಮೀರಿದ ಗಜಗಳು. ಅವನ್ನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಡೋಣವೆಂದು ಎಲೆಕ್ಟ್ರಿಷಿಯನ್ ಹೇಳಿದ. ಚಾರ್ಜಾಗುವಾಗ ಜಲಜನಕ ಬಿಡುವ ವಸ್ತುವನ್ನು ನಂದಾದೀಪದ ಪಕ್ಕ ಇಡುವುದೇ! ಅಮ್ಮನ ಕೋಣೆಯೂ ಬೇಡ, ಅಲ್ಲಿ ಆಮ್ಲಜನಕ ಹರಿಯುತ್ತಿದೆ. ಗಾಳಿಯಾಡುವ ಹಿಂಬದಿಯ ಮೊಗಸಾಲೆಯಲ್ಲಿ, ಇಟ್ಟಿಗೆಯ ಮೇಲೆ ಎತ್ತರಿಸಿ ಇಟ್ಟೆವು. ನೆಲಮನೆಯವರಾಗಿದ್ದರೆ ಇದಕ್ಕಿಂತ ಎತ್ತರ ಬೇಕಾಗುತ್ತಿತ್ತು. 2015ರ ಡಿಸೆಂಬರಿನ ನೆರೆಯಲ್ಲಿ ನೆಲಮನೆಯವರ ಬ್ಯಾಟರಿಗಳು ನೀರಿನೊಳಗೇ ಸಮಾಧಿಯಾದದ್ದನ್ನು ಈ ಬಡಾವಣೆ ಕಂಡಿದೆ. ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ನಮ್ಮದು, ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಗುರುತು ಹಾಕಿಕೊಂಡಿದ್ದೇವೆ.

ಇದನ್ನೆಲ್ಲ ಕೇಳಿದ ಸಂಘದ ಸ್ನೇಹಿತರೊಬ್ಬರು, ‘ಇಷ್ಟೆಲ್ಲ ಯಾಕ್ರೀ? ಸರ್ಕಾರವೇ ಸಬ್ಸಿಡಿ ಕೊಡ್ತಾ ಇದೆ, ಮಾಡಿನ ಮೇಲೆ ಸೋಲಾರ್ ಹಾಕಿಸಿಬಿಡಿ, ಕರೆಂಟು ಹೋಗೋ ಮಾತೇ ಇಲ್ಲ’ ಎಂದರು. ಈ ಮಾತು ಬಹಳ ಮಂದಿಯ ಮನಸ್ಸಿನಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ ನಿಗದಿ ಮಾಡಿದ್ದು ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟು 78,000 ರೂಪಾಯಿ. ಒಳ್ಳೆಯ ಯೋಜನೆ. ಆದರೆ ಅದು ಬೀದಿಯ ಲೈನಿಗೆ ಜೋಡಿಸಿದ ಸೌರಘಟಕಕ್ಕೆ. ಬ್ಯಾಟರಿಯಿಲ್ಲದೆ ಹಾಗೆ ಜೋಡಿಸಿದ ಇನ್ವರ್ಟರು, ಬೀದಿಯಲ್ಲಿ ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಅದನ್ನು ಹಾಗೆ ಮಾಡಿರುವುದೇ ಉದ್ದೇಶಪೂರ್ವಕವಾಗಿ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ನನಿಗೆ ನಮ್ಮ ಮನೆಯ ಸೌರವಿದ್ಯುತ್ತು ಹಿಮ್ಮುಖವಾಗಿ ಹರಿದು ಹೊಡೆಯಬಾರದಲ್ಲ! ಹೀಗಾಗಿ ಮಟಮಟ ಮಧ್ಯಾಹ್ನ, ತಲೆಯ ಮೇಲೆ ಮೂರು ಕಿಲೋವ್ಯಾಟು ಹೊತ್ತುಕೊಂಡೂ ಮನೆಯೊಳಗೆ ಬೀಸಣಿಗೆ ಬೀಸಿಕೊಳ್ಳುವ ಯೋಗ. ಬಿಲ್ಲು ಇಳಿಸುವುದು ಒಂದು ಕೆಲಸ, ಕತ್ತಲೆ ಕಳೆಯುವುದು ಇನ್ನೊಂದು ಕೆಲಸ. ಎರಡೂ ಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರು ಬೇಕು, ಅದಕ್ಕೆ ದುಡ್ಡೂ ಬೇಕು. ನಮಗೆ ಸದ್ಯಕ್ಕೆ ಬೇಕಾದದ್ದು ಎರಡನೆಯ ಕೆಲಸ.

ನಮ್ಮ ಏರ್ಪಾಡಿಗೆ ಮೊದಲ ಪರೀಕ್ಷೆ 2024ರ ನವೆಂಬರ್ 30ರಂದು. ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿದ ದಿನ. ಇಲ್ಲೂ ಬೆಳಗಿನಿಂದ ಜಡಿಮಳೆ. ಮಧ್ಯಾಹ್ನ ಒಂದೂವರೆಗೆ ಕರೆಂಟು ಹೋಯಿತು. ಇನ್ವರ್ಟರು ಒಮ್ಮೆ ‘ಟಕ್’ ಎಂದಿತು. ಅಮ್ಮನ ಯಂತ್ರ ನಿಲ್ಲಲೇ ಇಲ್ಲ. ನಾವು ಮಕ್ಕಳ ಮುಂದೆ ಏನೂ ಆಗದವರಂತೆ ಪೇಪರು ಓದುತ್ತ ಕೂತೆವು, ಒಳಗೊಳಗೆ ಹಿಗ್ಗು.

ಮೂರು ಗಂಟೆಗೆ ಕಾಫಿ ಕೊಡಹೋದ ನಮ್ಮಾಕೆ ಕೂಗಿಕೊಂಡಳು. ಯಂತ್ರದ ಸದ್ದಿಲ್ಲ. ಅಮ್ಮ ಗೋಡೆಗೊರಗಿ ಕೂತಿದ್ದಾರೆ, ತುಟಿ ನೀಲಿಗೆ ತಿರುಗಿದೆ, ಕೊಳವೆ ಮಡಿಲಲ್ಲಿದೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 83. ಇನ್ವರ್ಟರು ಕೆಟ್ಟಿರಲಿಲ್ಲ. ಅಮ್ಮನೇ ಸ್ವಿಚ್ಚು ಆರಿಸಿದ್ದರು. ಮತ್ತೆ ಹಾಕಿ, ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದೆವು.

‘ರಾತ್ರಿಗಿರಲಿ ಅಂತ ಕಣಪ್ಪಾ. ಮಕ್ಕಳು ಕತ್ತಲೇಲಿ ಕೂರಬಾರದು’ ಎಂದರು. ‘ಹಗಲೊತ್ತು ಹೆಂಗೋ ತಡ್ಕೋತೀನಿ.’

ಸೀಮೆಎಣ್ಣೆ ಅಳೆದು ಅಳೆದು ದೀಪ ಹಚ್ಚಿದ ಕೈ ಅದು. ಅದಕ್ಕೆ ವ್ಯಾಟು, ಆ್ಯಂಪಿಯರು ಎಂದು ಪಾಠ ಹೇಳಿ ಪ್ರಯೋಜನವೇನು? ನಮ್ಮ ಬಿ.ಎಸ್ಸಿ.ಯನ್ನು ಬದಿಗಿಟ್ಟು ಬೇರೆ ರೀತಿಯಲ್ಲಿ ಹೇಳಿದೆವು. ‘ಅಮ್ಮಾ, ಇದು ನಮ್ಮೂರ ಹಿತ್ತಲ ತೊಟ್ಟಿ ಇದ್ದ ಹಾಗೆ. ತುಂಬಿಟ್ಟಿದೀವಿ. ನಿಮ್ಮ ಯಂತ್ರ ಒಂದೇ ಓಡಿದ್ರೆ ಐದು ಗಂಟೆ ಮೀರಿ ಬರುತ್ತೆ. ಬತ್ತಿದ ಮೇಲೆ ಸಿಲಿಂಡರ್ ಇದೆ, ಹನ್ನೆರಡು ಗಂಟೆ. ಅಷ್ಟರಲ್ಲಿ ಏನಾದರೂ ಮಾಡಬಹುದು. ದೀಪ ಆರಿಸೋಣ, ಫ್ಯಾನ್ ಆರಿಸೋಣ, ಇದನ್ನ ಮಾತ್ರ ಮುಟ್ಟಬೇಡಿ.’

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ‘ತೊಟ್ಟಿಗೆ ನೀರು ಬರೋದು ಎಲ್ಲಿಂದ?’ ಎಂದರು.

‘ಬೀದಿ ಕರೆಂಟಿನಿಂದ.’

‘ಅದೇ ಹೋಗಿದೆಯಲ್ಲೋ.’

‘ಮುಂದೆ ತಾರಸಿ ಮೇಲೆ ಸೂರ್ಯನ ಹಲಗೆ ಹಾಕಿಸ್ತೀವಿ, ಆಗ ಅಲ್ಲಿಂದ.’

‘ಹಂಗಾದ್ರೆ ತೊಟ್ಟಿ ಆಯಿತು. ಬಾವಿ ಯಾವಾಗ ತೋಡಿಸ್ತೀಯ?’

ಕಚೇರಿಯಲ್ಲಿ ಇಷ್ಟು ವರ್ಷ ಟಿಪ್ಪಣಿ ಬರೆದಿದ್ದೇವೆ; ಇಷ್ಟು ಚುಟುಕಾಗಿ ವಿಷಯ ಮಂಡಿಸಲು ನಮಗೆ ಬರಲಿಲ್ಲ. ಅಂದು ಕರೆಂಟು ಆರು ಗಂಟೆಗೆ ಬಂತು. ತೊಟ್ಟಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮರುದಿನವೇ ಅಮ್ಮನ ಯಂತ್ರದ ಸ್ವಿಚ್ಚನ್ನು ಅವರ ಕೈಗೆ ಎಟುಕದಷ್ಟು ಮೇಲಕ್ಕೆ ಹಾಕಿಸಿದೆವು. ಅಮ್ಮನಿಗೆ ಅದು ಅವಮಾನವಾಯಿತೆಂದು ಕಾಣುತ್ತದೆ, ಎರಡು ದಿನ ಮಾತು ಕಡಿಮೆ.

ಬಾವಿಯ ಲೆಕ್ಕವನ್ನೂ ಹಾಕಿಟ್ಟಿದ್ದೇವೆ. ಎರಡು ದೊಡ್ಡ ಪ್ಯಾನೆಲ್ಲು, ಸೇರಿ ಒಂದು ಕಿಲೋವ್ಯಾಟಿನಷ್ಟು. ಈ ಊರಿನ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್. ಅಮ್ಮನ ಯಂತ್ರ 15 ಗಂಟೆ ಓಡಿದರೆ ತಿನ್ನುವುದು ಐದೂಕಾಲು ಯೂನಿಟ್. ಎಂದರೆ ಬಾವಿ ತೋಡಿದರೂ ಪೂರಾ ಸಾಲದು. ಬ್ಯಾಟರಿಯಲ್ಲಿ ಹೋಗುವ ನಷ್ಟ ಕಳೆದು ಒಂಬತ್ತು ಗಂಟೆ ಬಂದರೆ ಹೆಚ್ಚು. ಉಳಿದುದಕ್ಕೆ ಸಿಲಿಂಡರು. ದಟ್ಟ ಮೋಡದ ದಿನವಂತೂ ಪ್ಯಾನೆಲ್ಲಿನಿಂದ ಬರುವುದು ಚೂರುಪಾರು. ಆದರೆ ಮೂರನೆಯ ದಿನ, ನಾಲ್ಕನೆಯ ದಿನ, ಮಳೆ ನಿಂತು ಬಿಸಿಲು ಬಂದು ಕರೆಂಟು ಮಾತ್ರ ಬಾರದ ಆ ದಿನಗಳಲ್ಲಿ ದೋಣಿಗೆ ಕಾಯಬೇಕಾಗಿಲ್ಲ.

ದುಡ್ಡಿಗಿಂತ ಕಷ್ಟದ್ದು ತಾರಸಿ. ನಾಲ್ಕು ಮನೆಯ ಕಟ್ಟಡ, ತಾರಸಿ ನಾಲ್ವರದೂ. ಒಂದೊಂದು ಪ್ಯಾನೆಲ್ಲೂ ಏಳೂವರೆ ಅಡಿ ಉದ್ದ, ಸುಮಾರು ನಾಲ್ಕಡಿ ಅಗಲ; ಎರಡಕ್ಕೆ ಎರಡು ಮಂಚದ ಜಾಗ ಬೇಕು. ನೀರಿನ ಟ್ಯಾಂಕಿನ ನೆರಳು ಬೀಳದ ಜಾಗ ಇರುವುದು ದಕ್ಷಿಣದ ಮೂಲೆಯಲ್ಲಿ. ಅಲ್ಲಿ ಕೆಳಮನೆಯ ಮಾಮಿ ಪ್ರತಿ ಮಾರ್ಚಿನಲ್ಲಿ ವಡಾಂ ಒಣಹಾಕುತ್ತಾರೆ. ಅವರಿಗೂ ಅದೇ ಬಿಸಿಲು ಬೇಕು, ನಮಗೂ ಅದೇ ಬಿಸಿಲು ಬೇಕು. ಒಪ್ಪಿಗೆ ಪತ್ರವೊಂದನ್ನು ತಮಿಳಿನಲ್ಲಿ ಬರೆಸಿ ನಾಲ್ಕು ಮನೆಗೂ ಕಳಿಸಿದ್ದೇವೆ. ಎರಡು ಸಹಿ ಬಿದ್ದಿವೆ, ಒಂದು ನಮ್ಮದು. ದುಬೈಯಲ್ಲಿರುವ ಮಾಲೀಕರು ಉತ್ತರ ಕೊಟ್ಟಿಲ್ಲ. ಮಾಮಿ ಮಾತ್ರ, ಪ್ಯಾನೆಲ್ಲನ್ನು ಆಳೆತ್ತರದ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದರೆ ನೆರಳು ಎಲ್ಲಿಗೆ ಬೀಳುತ್ತದೆಂದು ಮೊದಲು ತೋರಿಸಿ ಎಂದಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬರುವ ಭಾನುವಾರ ಎರಡು ಬಿದಿರು ನಿಲ್ಲಿಸಿ, ಮೇಲೊಂದು ಚಾಪೆ ಕಟ್ಟಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುವವರಿದ್ದೇವೆ. ಮಾಮಿಯೂ ಬರುತ್ತೇನೆಂದಿದ್ದಾರೆ.